ಇಂಗ್ಲೆಂಡ್ ನರ್ಸ್ ಡೈರಿ – 7: ಸಂಬಳದ ಮಾತುಕತೆ ಅಂದ್ರೆ ಅರ್ಜಿ ಕೊಟ್ಟು ಕಾಯೋದಲ್ಲ

ಅಮ್ಮ ಮೊನ್ನೆ ಫೋನಲ್ಲಿ ಕೇಳಿದ್ಲು, “ರೋಗಿಗಳನ್ನ ಬಿಟ್ಟು ನರ್ಸುಗಳು ಮುಷ್ಕರ ಮಾಡೋದು ಪಾಪ ಅಲ್ವೇನೇ?” ನಿಮ್ಮಲ್ಲೂ ಕೆಲವರು ಕೇಳಿದ್ರಿ. ಇವತ್ತು ಉತ್ತರ.

ಇಲ್ಲಿ ಸರ್ಕಾರಿ ನರ್ಸುಗಳ ಸಂಬಳಕ್ಕೆ 1983ರಿಂದ ಒಂದು ಪರಿಶೀಲನಾ ಸಮಿತಿ ಇದೆ. ಸದಸ್ಯರನ್ನ ನೇಮಿಸೋದು ಸರ್ಕಾರ, ವರದಿ ಒಪ್ಪೋದೂ ಬಿಡೋದೂ ಸರ್ಕಾರ. ಹುಡುಗನ ಮನೆಯವರೇ ಎರಡೂ ಕಡೆ ಕೂತು ಮದುವೆ ಮಾತು ಮುಗಿಸಿದ ಹಾಗೆ!

2022ರಲ್ಲಿ “ಸಮಿತಿ ಹೇಳಿದಷ್ಟು ಕೊಟ್ಟಾಯ್ತು” ಅಂತ ಸರ್ಕಾರ ಸಂಬಳದ ಮಾತಿಗೆ ಬರಲೇ ಇಲ್ಲ. ಡಿಸೆಂಬರ್ 15ಕ್ಕೆ ನಮ್ಮ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಮುಷ್ಕರಕ್ಕೆ ಇಳೀತು. ತುರ್ತು ಚಿಕಿತ್ಸೆ ನಿಲ್ಲಿಸಲಿಲ್ಲ. ಫೆಬ್ರವರಿಯಲ್ಲಿ ಸರ್ಕಾರ ಮಾತಿಗೆ ಕೂತಿತು. ಸಂಘಕ್ಕೆ ಮಾನ್ಯತೆ ಮೊದಲೇ ಇತ್ತು, ಎದುರು ಕುರ್ಚಿ ಸಿಕ್ಕಿದ್ದು ಬೀದಿಗಿಳಿದ ಮೇಲೆ.

ನಮ್ಮ ತಪ್ಪೂ ಇದೆ. 2023ರ ಎರಡನೇ ಮತದಾನದಲ್ಲಿ ಓಟು ಹಾಕಿದವರಲ್ಲಿ 84% ಜನ ಮತ್ತೆ ಮುಷ್ಕರಕ್ಕೆ ಹೂಂ ಅಂದ್ರು. ಆದರೆ ಆಗಿನ ಕಾನೂನಿನ ಪ್ರಕಾರ ಸದಸ್ಯರಲ್ಲಿ ಅರ್ಧದಷ್ಟಾದರೂ ಓಟು ಹಾಕಬೇಕಿತ್ತು. ಹಾಕಿದ್ದು ಸುಮಾರು 43%. ಅಲ್ಲಿಗೆ ಮುಗೀತು. ನನ್ನ ಲಕೋಟೆಯೂ ಫ್ರಿಜ್ ಮೇಲೇ ಉಳಿದಿತ್ತು. ನೈಟ್ ಡ್ಯೂಟಿ ನೆಪ.

ಅಮ್ಮಾ, ಸಂಬಳ ಸಾಲದೆ ನರ್ಸುಗಳು ಕೆಲಸ ಬಿಟ್ಟರೆ ವಾರ್ಡಲ್ಲಿ ನರಳೋದೂ ರೋಗಿನೇ. ಮುಷ್ಕರ ಪಾಪ ಅಲ್ಲ. ಆ ಲಕೋಟೆ ಪೋಸ್ಟ್ ಮಾಡದೆ ಇದ್ದಿದ್ದು ಪಾಪ. ಊರಲ್ಲಿ ಗುತ್ತಿಗೆ ಮೇಲೆ ದುಡಿಯೋ ಗೆಳತಿಯರೇ, ನಿಮ್ಮ ಸಂಘ ಕರೆದಾಗ ನನ್ನ ಹಾಗೆ ಮಾಡಬೇಡಿ.