ನೀರೊಳಗಿನ ಊರಿಗೊಂದು ಮಾದರಿ

ಕಟ್ಟಡಗಳ ಮಾದರಿಯನ್ನು ಇನ್ನು ಕೈಯಿಂದ ಮಾಡುವ ಅಗತ್ಯವಿಲ್ಲ, ಗಣಕಯಂತ್ರವೇ ಎಲ್ಲವನ್ನೂ ಮಾಡಿಕೊಡುತ್ತದೆ ಎಂಬ ಮಾತು ಈಚೆಗೆ ನಮ್ಮ ಕಾಲೇಜುಗಳಲ್ಲಿಯೂ ಕೇಳಿಬರುತ್ತಿದೆ. ಕನ್ನಡ ಕಲಿಸುವವನಿಗೆ ಈ ಚರ್ಚೆಯಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನನ್ನನ್ನು ಇದರೊಳಗೆ ಎಳೆದದ್ದು ಹಿಡಕಲ್ಲಿನ ಹಿನ್ನೀರು.

ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಜಲಾಶಯ 51 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಅದರ ಕಾಲುವೆಗಳು ಒಣ ಹೊಲಗಳಿಗೆ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ 1970ರ ದಶಕದಲ್ಲಿ ಆ ನೀರು ನಿಂತಾಗ ಹಳೆಯ ಹುನ್ನೂರು ಮುಳುಗಿತು. ಅಲ್ಲಿಯ ಕಲ್ಲಿನ ವಿಠ್ಠಲ ಮಂದಿರ ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮೈದೋರುತ್ತದೆ. ಜನ ದರ್ಶನಕ್ಕೆ ಧಾವಿಸುತ್ತಾರೆ. ಮಳೆ ಹಿಡಿಯಿತೆಂದರೆ ಮತ್ತೆ ಮರೆಯಾಗುತ್ತದೆ. ಮಣ್ಣಿನ ಗೋಡೆಗೆ ಕಲ್ಲಿನ ಆ ತಾಳಿಕೆ ಎಲ್ಲಿಂದ ಬರಬೇಕು?

ಈ ಊರಿನದೊಂದು ಮಾದರಿ ಆಗಬೇಕೆಂಬುದು ನನ್ನ ಬೇಡಿಕೆ. ಯಂತ್ರ ಅಥವಾ ಕೈ, ಒಂದರಿಂದಲೇ ಅದು ಆಗದು ಎಂಬುದು ನನ್ನ ವಾದ.

ಮಂದಿರಕ್ಕೆ ಯಂತ್ರ ಬೇಕೇ ಬೇಕು. ನೀರು ಇಳಿದ ಕೆಲವು ವಾರಗಳಲ್ಲಿ ಏಣಿ ಹಾಕಿ, ದಾರ ಹಿಡಿದು ಅಳೆಯುವಷ್ಟು ವ್ಯವಧಾನವೆಲ್ಲಿ? ಡ್ರೋನಿನಿಂದ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನೂರಾರು ಚಿತ್ರಗಳನ್ನು ತೆಗೆದರೆ, ಅವುಗಳಲ್ಲಿಯ ಸಮಾನ ಬಿಂದುಗಳನ್ನು ಹೊಂದಿಸಿ ಗಣಕವು ಕಟ್ಟಡದ ಆಕಾರವನ್ನು ಲೆಕ್ಕ ಹಾಕುತ್ತದೆ. ಹಂಪಿಯ ಸ್ಮಾರಕಗಳನ್ನು ಹೀಗೆ ಗಣಕಕ್ಕಿಳಿಸುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದು ಪಾಲುಗೊಂಡದ್ದುಂಟು. ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ.

ಆದರೆ ಅಳತೆ ಮುಗಿದಲ್ಲಿ ಮಾದರಿ ಮುಗಿಯುವುದಿಲ್ಲ. ಐವತ್ತರಲ್ಲೊಂದು ಪಾಲಿಗೆ ಇಳಿಸಿದರೆ ಎರಡು ಸೆಂಟಿಮೀಟರಿನ ಕಲ್ಲಂಚು 0.4 ಮಿಲಿಮೀಟರ್ ಆಗುತ್ತದೆ. ಸಾಮಾನ್ಯ ಮುದ್ರಣಯಂತ್ರದ ಮೂತಿಯ ರಂಧ್ರವೇ ಅಷ್ಟಿರುತ್ತದೆ. ಯಾವ ಗೆರೆಯನ್ನು ಬಿಡಬೇಕು, ಯಾವುದನ್ನು ತುಸು ಹಿರಿದಾಗಿಸಿಯಾದರೂ ಉಳಿಸಬೇಕು ಎಂಬ ವಿವೇಕ ಕಣ್ಣು-ಕೈಗಳದು. 1112ರ ಇಟಗಿಯ ಮಹಾದೇವ ದೇವಾಲಯದ ಗೋಡೆಗಳಲ್ಲಿ ಶಿಲ್ಪಿಗಳು ಗೇಣುದ್ದದ ಶಿಖರಗಳನ್ನು ಕಡೆದಿದ್ದಾರೆ. ದೊಡ್ಡದನ್ನು ಹಾಗೆಯೇ ಕುಗ್ಗಿಸಲಿಲ್ಲ, ಆಯ್ದು ಹಿಡಿದರು. (ಮಾದರಿಗೆ ನಮ್ಮಲ್ಲಿ ‘ಪಡಿಯಚ್ಚು’ ಎಂಬ ಸೊಗಸಾದ ಮಾತಿದೆ. ಯಂತ್ರದ ಅಭಿಮಾನಿಗಳು ಅದರಲ್ಲಿಯ ಅಚ್ಚನ್ನಷ್ಟೇ ಕೇಳಿಸಿಕೊಳ್ಳುತ್ತಾರೆ.)

ಮನೆಗಳ ವಿಷಯ ಇನ್ನೂ ಬೇರೆ. ಇಲ್ಲದುದನ್ನು ಯಾವ ಕ್ಯಾಮೆರಾ ಅಳೆದೀತು? ಕಟ್ಟೆ ಎಲ್ಲಿತ್ತು, ಪಡಸಾಲೆ ಎಷ್ಟು ಅಗಲ, ಹಗೇವು ಯಾವ ಮೂಲೆಯಲ್ಲಿ ಎಂಬುದು ಅಲ್ಲಿ ಬಾಳಿದವರ ನೆನಪಿನಲ್ಲಿದೆ. ಅಂದು ಇಪ್ಪತ್ತರ ಪ್ರಾಯದವರು ಇಂದು ಎಪ್ಪತ್ತು ದಾಟಿದ್ದಾರೆ. ಅವರ ಮುಂದೆ ಗಣಕದ ಹೊಳೆಯುವ ಚಿತ್ರವನ್ನಿಟ್ಟರೆ ಹೌದೆಂದು ತಲೆಯಾಡಿಸಿ ಸುಮ್ಮನಾಗುವ ಭಯವಿದೆ. ಹಸಿ ಮಣ್ಣಿನ ಪುಟ್ಟ ಮನೆಯನ್ನಿಟ್ಟರೆ, “ಇಲ್ಲೋ ತಮ್ಮಾ, ನಮ್ಮ ಬಾಗಲಾ ಮೂಡಲಕ್ಕಿತ್ತು” ಎಂದು ತಾವೇ ಕೈ ಹಾಕಿ ತಿರುಗಿಸಿಯಾರು. ಈ ತಿದ್ದುಪಡಿಯೇ ನಮಗೆ ಬೇಕಾದ ಇತಿಹಾಸ. ತಿದ್ದಿದ ಮೇಲೆ ಅದನ್ನೂ ಚಿತ್ರ ತೆಗೆದು ಗಣಕಕ್ಕೆ ಒಪ್ಪಿಸೋಣ, ಬೇಡವೆಂದವರಾರು?

ಕೈಗಳನ್ನು ದೂರ ಹುಡುಕಬೇಕಾಗಿಲ್ಲ. ಹಗುರ ಮರದಲ್ಲಿ ಹಣ್ಣು, ತರಕಾರಿ, ದೇವರ ಮೂರ್ತಿಗಳನ್ನು ಮಾಡಿ ಬಣ್ಣ ತುಂಬುವ ಕಲೆಗೆ ಗೋಕಾಕ ಹೆಸರಾದುದು. ಆ ಕಲಾವಿದರಿಗೆ ಪ್ರದರ್ಶನಗಳಲ್ಲಿ ಶಾಲು ಹೊದಿಸುವುದಕ್ಕಿಂತ ಇಂಥದೊಂದು ಕೆಲಸವನ್ನು ತಕ್ಕ ಕೂಲಿಯೊಡನೆ ಒಪ್ಪಿಸುವುದು ಮೇಲು. ಖರ್ಚನ್ನು ನೀರಾವರಿ ಇಲಾಖೆಯೇ ವಹಿಸಬೇಕು; ಮಾದರಿ ಹಿಡಕಲ್ಲಿನಲ್ಲಿಯೇ, ಆಣೆಕಟ್ಟಿನ ಬಳಿಯಲ್ಲಿಯೇ ಇರಬೇಕು.

ನೀರು ಇಳಿಯಲೆಂದು ಕಾಯಬೇಕಾದುದು ಮಂದಿರದ ಅಳತೆಗೆ ಮಾತ್ರ. ಹುನ್ನೂರಿನ ಹಿರಿಯರು ಈಗ ಎಲ್ಲೆಲ್ಲಿ ನೆಲೆಸಿದ್ದಾರೆಂಬ ಪಟ್ಟಿಯನ್ನು ಗೋಕಾಕ, ಹುಕ್ಕೇರಿಯ ಕನ್ನಡ ವಿದ್ಯಾರ್ಥಿಗಳು ಈ ರಜೆಯಲ್ಲಿಯೇ ಆರಂಭಿಸಬಹುದು.