ಹೆಗಲು ಕೊಟ್ಟವನ ಲೆಕ್ಕ

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಹುಡುಗರು ಕಾಲಿನಿಂದ ಒದೆಯುವ ಚೆಂಡಾಟವಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಅಡ್ಡ ಬಂದವರನ್ನು ನೂಕಿ ಕೆಡವಿ, 100 ಗಜದ ಮೈದಾನದ ತುದಿ ಮುಟ್ಟಿಸುವ ಆಟ. ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡು ಎಸೆಯುವವನಿಗೆ ಹೆಸರು; ಹಿಡಿದು ಓಡುವವನಿಗೆ ಚಪ್ಪಾಳೆ. ಇವರ ಮುಂದೆ ಐದು ಮಂದಿ ದೈತ್ಯರು ಗೋಡೆಯಂತೆ ಬಾಗಿ ನಿಲ್ಲುತ್ತಾರೆ. ಅವರನ್ನು ಲೈನ್‌ಮನ್ ಎನ್ನುತ್ತಾರೆ. ಚೆಂಡು ಹಿಡಿದು ಓಡುವ ಭಾಗ್ಯ ಅವರದಲ್ಲ. ನುಗ್ಗಿ ಬರುವವರ ಪೆಟ್ಟನ್ನು ಮೈಮೇಲೆ ತೆಗೆದುಕೊಂಡು, ಹಿಂದಿರುವವನಿಗೆ ಎರಡು ಮೂರು ಸೆಕೆಂಡಿನ ಬಿಡುವು ಗಳಿಸಿಕೊಡುವುದೇ ಅವರ ಉದ್ಯೋಗ. ಗೆದ್ದರೆ ಅಂಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ತಪ್ಪಿದರೆ ಎಲ್ಲರ ಕಣ್ಣೂ ಅವರ ಮೇಲೆ. ಗಿರಣಿಯಲ್ಲಿ ದುಡಿಯುವ ಬಂಧುಗಳಿಗೆ ಇಂಥ ಉದ್ಯೋಗದ ಪರಿಚಯವನ್ನು ನಾವು ಹೆಚ್ಚು ಮಾಡಿಕೊಡಬೇಕಾಗಿಲ್ಲ.

ಇಂಥ ಇಬ್ಬರು ಲೈನ್‌ಮನ್‌ಗಳ ಬಾಳಿನ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ. ಒಬ್ಬರದು ಮಾಲೀಕರಿಗೆ ಕೇಳಬೇಕಾದ ಪ್ರಶ್ನೆ. ಇನ್ನೊಬ್ಬರದು ಕಾರ್ಮಿಕ ಸಂಘಗಳು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೈಕ್ ವೆಬ್‌ಸ್ಟರ್ 1952ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿ, ಆಲೂಗಡ್ಡೆ ಬೆಳೆಯುವ ಹೊಲದಲ್ಲಿ ಬೆಳೆದವರು. 1974ರಲ್ಲಿ ಪಿಟ್ಸ್‌ಬರ್ಗ್ ನಗರದ ಸ್ಟೀಲರ್ಸ್ ತಂಡ ಸೇರಿದರು. ಪಿಟ್ಸ್‌ಬರ್ಗ್ ಉಕ್ಕಿನ ಊರು. ತಂಡದ ಹೆಸರೂ ಉಕ್ಕಿನದೇ. ಕಾರ್ನೆಗಿಯ ಕಂಪನಿ 1892ರಲ್ಲಿ ಬಾಡಿಗೆ ಬಂದೂಕಿನವರನ್ನು ತರಿಸಿ ಕಾರ್ಮಿಕರ ಸಂಘ ಮುರಿದ ಹೋಮ್‌ಸ್ಟೆಡ್ ಕಾರ್ಖಾನೆ ಇದ್ದದ್ದು ಈ ಊರ ಮಗ್ಗುಲಲ್ಲೇ. ವೆಬ್‌ಸ್ಟರ್ ಆಡುತ್ತಿದ್ದ ಕಾಲದಲ್ಲೇ, 1986ರಲ್ಲಿ, ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಕುಲುಮೆಗಳು ಆರಿದ ಊರಿಗೆ ಉಳಿದ ಅಭಿಮಾನವೆಂದರೆ ಈ ತಂಡ. ಜನ ವೆಬ್‌ಸ್ಟರರನ್ನು 'ಕಬ್ಬಿಣದ ಮೈಕ್' ಎಂಬ ಅರ್ಥದ ಹೆಸರಿನಿಂದ ಕರೆದರು.

ಸಾಲಿನ ನಟ್ಟನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವುದು ಅವರ ಕೆಲಸ. ಕೊಟ್ಟ ಕ್ಷಣವೇ ಎದುರಿನವನ ತಲೆ ಇವರ ತಲೆಗೆ ಬಡಿಯುತ್ತದೆ. ಎದುರಾಳಿ ತನ್ನ ಅಂಗೈಯಿಂದ ತಲೆಗೆ ಬಾರಿಸುವುದನ್ನು ನಿಯಮ ನಿಷೇಧಿಸಿದ್ದು 1977ರಲ್ಲಿ. ವೆಬ್‌ಸ್ಟರ್ ಹದಿನೇಳು ವರ್ಷ ಆಡಿದರು. 245 ಪಂದ್ಯ, ತಂಡಕ್ಕೆ ನಾಲ್ಕು ಮಹಾಗೆಲುವು. ಪಂದ್ಯಕ್ಕೆ ಹತ್ತಾರು ಡಿಕ್ಕಿ. ಅಭ್ಯಾಸದ ಡಿಕ್ಕಿಗಳು ಬೇರೆ. 1991ರಲ್ಲಿ ಆಟ ನಿಲ್ಲಿಸಿದರು. 1997ರಲ್ಲಿ ಆ ಆಟದ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. ಆದರೆ ಆ ವೇಳೆಗೆ ಅವರ ನೆನಪು ಕದಡಿತ್ತು, ಕೈಯ ಹಣ ಕರಗಿತ್ತು, ರಾತ್ರಿ ತಮ್ಮ ಟ್ರಕ್ಕಿನಲ್ಲೇ ಮಲಗುವ ದಿನಗಳು ಬಂದಿದ್ದವು. 2002ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ವಯಸ್ಸು ಐವತ್ತು.

ನೈಜೀರಿಯದಿಂದ ಬಂದು ಅದೇ ಊರಿನ ಶವಪರೀಕ್ಷಾ ಕಚೇರಿಯಲ್ಲಿದ್ದ ವೈದ್ಯ ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷಿಸಿದರು. ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಮಿದುಳು ಸವೆಯುವ ರೋಗವನ್ನು ಅಲ್ಲಿ ಕಂಡು 2005ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ತಂಡಗಳ ಮಾಲೀಕರ ಒಕ್ಕೂಟವಾದ ನ್ಯಾಷನಲ್ ಫುಟ್‌ಬಾಲ್ ಲೀಗ್ ಏನು ಮಾಡಿತು? ಅದು 1994ರಲ್ಲಿಯೇ ತಲೆಪೆಟ್ಟಿನ ವಿಚಾರಕ್ಕೊಂದು ಸಮಿತಿ ನೇಮಿಸಿತ್ತು. ಅದರ ಅಧ್ಯಕ್ಷರು ಕೀಲುಬೇನೆಯ ವೈದ್ಯರು! ಆ ಸಮಿತಿಯವರು ಒಮಾಲು ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಈ ಆಟಕ್ಕೂ ಆ ರೋಗಕ್ಕೂ ಸಂಬಂಧವುಂಟೆಂದು ಲೀಗಿನ ಅಧಿಕಾರಿಯೊಬ್ಬರು ಬಾಯಿಬಿಟ್ಟು ಒಪ್ಪಿದ್ದು 2016ರಲ್ಲಿ. ಹತ್ತಿಯ ಧೂಳಿನಿಂದ ನೂಲುಗಿರಣಿಯವರ ಶ್ವಾಸಕೋಶ ಕೆಡುತ್ತದೆಂಬುದನ್ನು ಅಮೆರಿಕದ ಗಿರಣಿ ಮಾಲೀಕರೂ ಹೀಗೆಯೇ ಬಹುಕಾಲ ಅಲ್ಲಗಳೆದಿದ್ದರು. ಅಲ್ಲಿ ಧೂಳಿಗೆ ಸರ್ಕಾರದ ಮಿತಿ ಬಂದದ್ದು 1978ರಲ್ಲಿ. ಕಸುಬು ಬೇರೆ, ಮಾಲೀಕನ ವಾದ ಒಂದೇ: ರೋಗ ನಿನ್ನದು, ಕೆಲಸದ್ದಲ್ಲ.

ನಮ್ಮ ವ್ಯಾಪಾರಿ ಮಿತ್ರರು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಅಂಗಡಿಯ ತಕ್ಕಡಿ ಸವೆದರೆ ಸವಕಳಿ ಬರೆಯುತ್ತೀರಿ. ಅಮೆರಿಕದಲ್ಲಿ ತಂಡವೊಂದನ್ನು ಕೊಂಡ ಶ್ರೀಮಂತ ತನ್ನ ಆಟಗಾರರ ಕರಾರುಗಳ ಬೆಲೆಯನ್ನು ಯಂತ್ರದಂತೆ ವರ್ಷವರ್ಷವೂ ಇಳಿಸಿ ಬರೆದು ತೆರಿಗೆ ಉಳಿಸಿಕೊಳ್ಳಲು ಅಲ್ಲಿನ ಕಾಯಿದೆ ಅವಕಾಶ ಕೊಟ್ಟಿದೆ. ಆಟಗಾರ ಸವೆಯುತ್ತಾನೆಂಬುದು ತೆರಿಗೆ ಕಚೇರಿಯ ಮುಂದೆ ಸತ್ಯ. ಅದೇ ಆಟಗಾರ ಪರಿಹಾರ ಕೇಳಿ ಬಂದಾಗ ಸುಳ್ಳು! ಜಮೆಯ ಪುಟವೊಂದನ್ನೇ ಬರೆದು ಖರ್ಚಿನ ಪುಟವನ್ನು ಹರಿದುಹಾಕುವ ಲೆಕ್ಕವನ್ನು ಯಾವ ಪ್ರಾಮಾಣಿಕ ಅಂಗಡಿಕಾರ ಒಪ್ಪಿಯಾನು?

ಇನ್ನು ಎರಡನೆಯವರು. ಜೀನ್ ಅಪ್‌ಶಾ ಟೆಕ್ಸಸ್ ರಾಜ್ಯದ ಕರಿಯ ಜನಾಂಗದವರು. ಬಾಲ್ಯದಲ್ಲಿ ಹೊಲದಲ್ಲಿ ಹತ್ತಿ ಬಿಡಿಸಿದವರು. 1967ರಿಂದ 1981ರವರೆಗೆ ಓಕ್‌ಲೆಂಡ್ ತಂಡದ ಲೈನ್‌ಮನ್ ಆಗಿ 217 ಪಂದ್ಯ ಆಡಿದರು. 1983ರಲ್ಲಿ ಆಟಗಾರರ ಸಂಘದ ಮುಖ್ಯಾಧಿಕಾರಿಯಾಗಿ, 2008ರಲ್ಲಿ ಕೊನೆಯುಸಿರೆಳೆಯುವವರೆಗೂ ಆ ಸ್ಥಾನದಲ್ಲಿದ್ದರು.

ಅವರ ಹೋರಾಟವನ್ನು ನಾವು ಲಘುವಾಗಿ ಕಾಣುವುದಿಲ್ಲ. 1987ರಲ್ಲಿ ಸಂಘ ಮುಷ್ಕರ ಹೂಡಿತು. ಮಾಲೀಕರು ಬದಲಿ ಆಟಗಾರರನ್ನು ತಂದು ಮೂರು ವಾರ ಪಂದ್ಯ ನಡೆಸಿದರು. ಹಲವು ಹಳಬರೂ ಸಾಲು ಮುರಿದು ಒಳಗೆ ಹೋದರು. 24 ದಿನಕ್ಕೆ ಮುಷ್ಕರ ಕುಸಿಯಿತು. ಅಪ್‌ಶಾ ಎದೆಗುಂದಲಿಲ್ಲ. ಚೌಕಾಸಿಯ ಹಕ್ಕನ್ನೇ ಬಿಟ್ಟುಕೊಟ್ಟು ನ್ಯಾಯಾಲಯದ ದಾರಿ ಹಿಡಿದರು. 1992ರಲ್ಲಿ ಮೊಕದ್ದಮೆ ಗೆದ್ದರು. ಕರಾರು ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದೆಂಬ ಹಕ್ಕು 1993ರ ಒಪ್ಪಂದದಲ್ಲಿ ಬಂತು. ಅದಕ್ಕೆ ಮೊದಲು ಆಟಗಾರ ಬಹುಪಾಲು ತನ್ನ ಮಾಲೀಕನಿಗೆ ಕಟ್ಟುಬಿದ್ದ ಆಳಾಗಿದ್ದ.

ಹೀಗಿದ್ದೂ ಒಂದು ಕಹಿ ಸತ್ಯವನ್ನು ಮುಚ್ಚಿಡಲಾಗದು. ನಿವೃತ್ತ ಆಟಗಾರರ ಅಂಗವಿಕಲ ವೇತನ ತೀರ್ಮಾನಿಸುವ ಮಂಡಲಿಯಲ್ಲಿ ಆರು ಮತಗಳು: ಮೂರು ಮಾಲೀಕರವು, ಮೂರು ಸಂಘದವು. ತಲೆಪೆಟ್ಟಿನಿಂದ ವೆಬ್‌ಸ್ಟರ್ ದುಡಿಯಲಾರದವರಾದರೆಂದು ಈ ಮಂಡಲಿ 1999ರಲ್ಲಿ ಒಪ್ಪಿತು. ಆದರೆ ಅದು 1991ರಿಂದಲ್ಲ, 1996ರಿಂದ ಎಂದು ಹೇಳಿ ದೊಡ್ಡ ಮೊತ್ತವನ್ನು ತಡೆಯಿತು. ಅವರ ವಾರಸುದಾರರು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2005ರಲ್ಲಿ ಗೆದ್ದರು, 2006ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ವೆಬ್‌ಸ್ಟರ್ ಮಣ್ಣಾಗಿ ಆಗ ನಾಲ್ಕು ವರ್ಷ. ಮಾಲೀಕರ ಮೂವರು ಅಡ್ಡ ನಿಂತರೆ ಆಶ್ಚರ್ಯವಿಲ್ಲ. ಸಂಘದ ಮೂವರು ಎಲ್ಲಿದ್ದರು?

ಸಂಘ ಈಗ ಆಡುತ್ತಿರುವವರಿಗೆ ಸೇರಿದ್ದು, ಹಳಬರು ಅದರ ಸದಸ್ಯರಲ್ಲ ಎಂಬ ಉತ್ತರ ಬಂತು. ಕಾಯಿದೆಯ ಪ್ರಕಾರ ಮಾತು ಸರಿಯೇ. ನಿವೃತ್ತರು 'ನೌಕರ'ರಲ್ಲ, ಅವರ ಪರವಾಗಿ ಮಾಲೀಕ ಸಂಘದೊಡನೆ ಮಾತಾಡಲೇಬೇಕೆಂಬ ಕಟ್ಟಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1971ರಲ್ಲಿ ತೀರ್ಪಿತ್ತಿತ್ತು. ಅದೂ ಪಿಟ್ಸ್‌ಬರ್ಗಿನ ಗಾಜಿನ ಕಂಪನಿಯೊಂದರ ಮೊಕದ್ದಮೆಯಲ್ಲೇ. ಆದರೆ ಕಾಯಿದೆ ಬಿಟ್ಟದ್ದನ್ನೆಲ್ಲ ಸಂಘವೂ ಬಿಡಬೇಕೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಮಾಲೀಕ ಹೇಳಲಿ, ಜತೆಗಾರ ಹೇಳಬಾರದು. ಸಂಘದ ಅಧ್ಯಕ್ಷರಾಗಿದ್ದ ಜಾನ್ ಮ್ಯಾಕಿಯವರೇ ಮರೆವಿನ ರೋಗಕ್ಕೆ ತುತ್ತಾದರು. ಅವರ ಪತ್ನಿ ಪತ್ರ ಬರೆದು ಮೊರೆಯಿಟ್ಟ ಮೇಲೆ, ಲೀಗೂ ಸಂಘವೂ ಕೂಡಿ ಇಂಥ ರೋಗಿಗಳ ಆರೈಕೆಗೆ 2007ರಲ್ಲಿ ಒಂದು ನಿಧಿ ತೆರೆದವು. ಮ್ಯಾಕಿ ತೊಡುತ್ತಿದ್ದ ಅಂಗಿಯ 88 ಎಂಬ ಅಂಕಿಯನ್ನೇ ಅದಕ್ಕೆ ಹೆಸರಿಟ್ಟರು. ಅಪ್‌ಶಾ ಅದಕ್ಕೆ ಕೈಜೋಡಿಸಿದರೆಂಬುದನ್ನೂ ಹೇಳಬೇಕು.

ಆಟಗಾರರಿಗೆ ಲಕ್ಷಾಂತರ ಡಾಲರ್ ಸಂಬಳ, ಅವರಿಗೇಕೆ ಮರುಕ ಎಂದು ಕೆಲವರು ಕೇಳುವುದುಂಟು. ಸಂಬಳ ಕೊಟ್ಟವನು ದುಡಿಮೆಯನ್ನು ಕೊಳ್ಳುತ್ತಾನೆ. ದುಡಿಯುವವನ ಮಿದುಳನ್ನು ಕೊಳ್ಳುವುದಿಲ್ಲ. ಅಪಾಯವನ್ನು ಬಲ್ಲ ವೈದ್ಯರ ಬಾಯಿ ಮುಚ್ಚಿಸಲು ಹೋಗಿ, ಆಮೇಲೆ 'ತಿಳಿದೇ ಆಡಿದರು' ಎನ್ನುವುದು ವಂಚನೆ. ಸಾವಿರಾರು ಆಟಗಾರರ ಮೊಕದ್ದಮೆಗೆ 2015ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಲ್ಲೂ ಬಣ್ಣದ ಭೇದ ನುಸುಳಿತ್ತು. ಕರಿಯರ ಬುದ್ಧಿಶಕ್ತಿ ಮೊದಲೇ ಕಡಿಮೆಯೆಂದು ಹಿಡಿದು ಅವರ ನಷ್ಟವನ್ನು ಅಳೆಯಲಾಗುತ್ತಿತ್ತು. ಅದನ್ನು ಕೈಬಿಡುವುದಾಗಿ ಲೀಗ್ ಒಪ್ಪಿದ್ದು 2021ರಲ್ಲಿ.

ಇದರಿಂದ ನಾವು ಕಲಿಯಬೇಕಾದದ್ದು ಮೂರು. ಕಾರ್ಮಿಕನ ದೇಹವನ್ನು ಪರೀಕ್ಷಿಸುವ ವೈದ್ಯ ಮಾಲೀಕನ ಪಗಾರದವನಾಗಿರಬಾರದು. ಪರೀಕ್ಷೆಯ ಕಾಗದ ಕಾರ್ಮಿಕನ ಕೈಗೆ ಬರಬೇಕು. ಮೂರನೆಯದು ನಮ್ಮ ಕೈಯಲ್ಲೇ ಇದೆ: ಪ್ರತಿ ಸಂಘದ ಕಾರ್ಯಸಮಿತಿಯಲ್ಲಿ ನಿವೃತ್ತರಿಗೆ ಕುರ್ಚಿಯೂ ಇರಬೇಕು, ಮತವೂ ಇರಬೇಕು. ಇಂದು ಯಂತ್ರದ ಮುಂದೆ ನಿಂತಿರುವ ಯುವಕನಿಗೆ ಇದು ಹಳಬರ ತಕರಾರಾಗಿ ಕಂಡೀತು. ಆದರೆ ನಾಳೆ ಗೇಟಿನ ಹೊರಗೆ ನಿಂತು ಒಳಗಿರುವವರ ಮುಖ ನೋಡುವ ಸರದಿ ಅವನದೇ. ಮುಂದಿನ ಮಹಾಸಭೆಯಲ್ಲಿ ಈ ಠರಾವನ್ನು ಮಂಡಿಸಬೇಕೆಂದು ಸಂಘಗಳ ಕಾರ್ಯಕರ್ತರನ್ನು ಒತ್ತಾಯಿಸುತ್ತೇವೆ.