ಫೈಲಿಗೆ ಕನ್ನಡದ ಹೆಸರಿಟ್ಟರೆ ತಪ್ಪೇನು?

ಗಿಟ್ ಬಳಸುವ ಗೆಳೆಯರು ಲ್ಯಾಬಿನಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ‘ಸಾಂಬ್ರಾ’ ಎಂದು ಕನ್ನಡದಲ್ಲೇ ಹೆಸರಿಟ್ಟ ಒಂದು ಫೈಲನ್ನು ಗಿಟ್‌ಗೆ ಸೇರಿಸಿ, ‘ಗಿಟ್ ಎಲ್‌ಎಸ್-ಫೈಲ್ಸ್’ ಆಜ್ಞೆ ಕೊಡಿ. ಪರದೆಯ ಮೇಲೆ ನಮ್ಮ ಊರಿನ ಹೆಸರು ಬರುವುದಿಲ್ಲ. \340\262\270 ಎಂದು ಶುರುವಾಗುವ ಅಂಕಿಗಳ ಉದ್ದ ಸಾಲು ಬರುತ್ತದೆ.

ಯುನಿಕೋಡ್ ಲೆಕ್ಕದಲ್ಲಿ ‘ಸಾಂಬ್ರಾ’ ಎಂದರೆ ಸ, ದೀರ್ಘ, ಅನುಸ್ವಾರ, ಬ, ಅರ್ಧಾಕ್ಷರದ ಚಿಹ್ನೆ, ರ, ಮತ್ತೆ ದೀರ್ಘ: ಒಟ್ಟು 7. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಅಂದರೆ 21. ಗಿಟ್ ಪ್ರತಿ ಬೈಟನ್ನೂ ಒಂದು ಓರೆಗೆರೆ, ಮೂರು ಆಕ್ಟಲ್ ಅಂಕಿಗಳಾಗಿ ತೋರಿಸುತ್ತದೆ. ಏಳು ಚಿಹ್ನೆಯ ಹೆಸರು 84 ಆಯಿತು! ಉರ್ದು, ಮರಾಠಿ ಹೆಸರುಗಳಿಗೂ ಇದೇ ಗತಿ. ಬೆಳಗಾವಿಯ ಬೋರ್ಡುಗಳಲ್ಲಿ ಕಾಣುವ ಲಿಪಿಗಳಲ್ಲಿ ಪಾರಾಗುವುದು ಇಂಗ್ಲಿಷ್ ಒಂದೇ.

ನೋಡಲು ಚೆನ್ನಾಗಿಲ್ಲ ಎಂಬುದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ಪಟ್ಟಿಯನ್ನು ಓದಿ, ‘ಫೈಲ್ ಇದ್ದರೆ ಪೆನ್‌ಡ್ರೈವಿಗೆ ನಕಲು ಮಾಡು, ಇಲ್ಲದಿದ್ದರೆ ಬಿಡು’ ಎನ್ನುವ ಸ್ಕ್ರಿಪ್ಟ್ ಬರೆದಿದ್ದೀರಿ ಎನ್ನಿ. ಅಂಕಿಗಳ ಹೆಸರಿನ ಫೈಲ್ ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಸ್ಕ್ರಿಪ್ಟ್ ಅದನ್ನು ದಾಟಿ ಹೋಗುತ್ತದೆ, ದೋಷದ ಸಂದೇಶವನ್ನೂ ಕೊಡುವುದಿಲ್ಲ. ಇಂಗ್ಲಿಷ್ ಪ್ರಬಂಧಗಳೆಲ್ಲ ಉಳಿದು, ಕನ್ನಡ–ಉರ್ದು ಪ್ರಬಂಧಗಳು ಉಳಿಯಲಿಲ್ಲವೆಂಬುದು ಕಂಪ್ಯೂಟರ್ ಕೆಟ್ಟ ದಿನವೇ ಗೊತ್ತಾಗುವುದು.

‘ಫೈಲಿನ ಹೆಸರು ಇಂಗ್ಲಿಷಿನಲ್ಲೇ ಇರಲಿ’ ಎಂಬ ಬುದ್ಧಿವಾದವನ್ನು ಎಲ್ಲರೂ ಕೇಳಿರುತ್ತೇವೆ. ನಾನು ಒಪ್ಪುವುದಿಲ್ಲ. ‘ಆ್ಯನ್ಯುಯಲ್ ರಿಪೋರ್ಟ್’ ಎಂದು ನಡುವೆ ಜಾಗ ಬಿಟ್ಟು ಇಂಗ್ಲಿಷಿನಲ್ಲಿ ಬರೆದರೂ, ಸಾಮಾನ್ಯ ಫಾರ್ ಲೂಪ್ ಅದನ್ನು ಎರಡು ಫೈಲ್ ಎಂದೇ ತಿಳಿಯುತ್ತದೆ. ಅಂದಮೇಲೆ ದೋಷ ಭಾಷೆಯದ್ದಲ್ಲ, ಸ್ಕ್ರಿಪ್ಟಿನದು.

ಗಿಟ್‌ನ ಕಡೆಯ ಮಾತನ್ನೂ ಹೇಳಬೇಕು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ಶುರು ಮಾಡಿದ್ದು ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ. ಲಿನಕ್ಸ್‌ನಲ್ಲಿ ಫೈಲಿನ ಹೆಸರಿನೊಳಗೆ ಹೊಸ ಸಾಲು ಕೂಡ ಇರಬಹುದು! ಸಾಲಿಗೊಂದು ಹೆಸರು ಬರೆಯುವಾಗ ಅಂಥದ್ದನ್ನು ಮುಚ್ಚಿ ತೋರಿಸಲೇಬೇಕು. ಅದರ ಜೊತೆಗೆ ನಮ್ಮ ಅಕ್ಷರಗಳನ್ನೂ ಮುಚ್ಚುವುದು ಮಾತ್ರ ಅತಿಯಾಯಿತು.

‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕಾಣುತ್ತದೆ. ಆದರೆ ಟ್ಯಾಬ್, ಉದ್ಧರಣ ಚಿಹ್ನೆ ಇರುವ ಹೆಸರುಗಳು ಹಾಗೆಯೇ ಉಳಿಯುತ್ತವೆ, ಆದ್ದರಿಂದ ಅದು ಅರ್ಧ ಔಷಧ. ಸ್ಕ್ರಿಪ್ಟಿಗೆ ಬೇಕಾದದ್ದು ‘ಮೈನಸ್ ಝಡ್’. ಆಗ ಹೆಸರುಗಳು ಇದ್ದ ಹಾಗೆಯೇ ಬರುತ್ತವೆ, ನಡುವೆ ಶೂನ್ಯ ಬೈಟ್ ಇರುತ್ತದೆ. ಫೈಲಿನ ಹೆಸರಿನಲ್ಲಿ ಎಂದೂ ಬರಲಾಗದ ಬೈಟ್ ಅದು. ಓದುವ ಕಡೆ ‘ಎಕ್ಸ್‌ಆರ್ಗ್ಸ್ ಮೈನಸ್ ಸೊನ್ನೆ’ ಸಾಕು.

ಲ್ಯಾಬಿನಲ್ಲಿ ಇದನ್ನು ಮೊದಲ ವಾರವೇ ಹೇಳಿಕೊಡಲಿ. ಪರೀಕ್ಷಿಸುವ ಫೋಲ್ಡರಿನಲ್ಲಿ ಒಂದು ಕನ್ನಡ, ಒಂದು ಉರ್ದು, ನಡುವೆ ಜಾಗವಿರುವ ಒಂದು ಇಂಗ್ಲಿಷ್ ಹೆಸರು ಇರಲಿ. ನಕಲಾದ ಮೇಲೆ ಎರಡೂ ಕಡೆಯ ಫೈಲುಗಳನ್ನು ಎಣಿಸಲಿ.